ಗಾಳಿಗೆ ಕಟ್ಟಿದ ಬೆಲೆ



ಚನ್ನಮ್ಮನ ಸಮಾಧಿ ಇರುವ ಈ ಬೈಲಹೊಂಗಲದಲ್ಲಿ, ಬೆಳವಡಿ ಮಲ್ಲಮ್ಮನ ಊರಿಗೆ ಇಷ್ಟು ಹತ್ತಿರದಲ್ಲಿ ನಿಂತು ಕರೆಂಟಿನ ದರದ ಬಗ್ಗೆ ಮಾತಾಡಬೇಕೆಂದರೆ ತುಸು ಸಂಕೋಚವೇ ಆಗುತ್ತದೆ. ಇತಿಹಾಸ ಕೇಳಲು ಬಂದವರಿಗೆ ರೂಪಾಯಿ-ಪೈಸೆಯ ಲೆಕ್ಕ ಒಪ್ಪಿಸುವುದು ಅಷ್ಟೇನೂ ಸೊಗಸಿನ ಕೆಲಸವಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಸೀಮೆಯ ನೆತ್ತಿಯ ಮೇಲೆ ಬೀಸುವ ಗಾಳಿಗೆ, ಬೀಳುವ ಬಿಸಿಲಿಗೆ, ಗದ್ದೆಯ ಕಬ್ಬಿನ ಸಿಪ್ಪೆಗೆ ಒಂದೊಂದು ಬೆಲೆ ಗೊತ್ತಾಯಿತು. ಅದನ್ನು ಗೊತ್ತುಮಾಡಿದವರು ಬೆಂಗಳೂರಿನವರು, ಅದರ ಲಾಭ ಪಡೆದವರು ಹೆಚ್ಚಾಗಿ ಹೊರಗಿನವರು. ಆ ಲೆಕ್ಕದೊಳಗೆ ನಮ್ಮವರಿಗೂ ಜಾಗವಾಗಬೇಕು ಎಂಬುದೇ ನನ್ನ ಮಾತು.

ಸವದತ್ತಿಯ ಗುಡ್ಡಗಳಿಂದಲೇ ತೊಡಗೋಣ. ಆಷಾಢದ ಗಾಳಿ ಪಶ್ಚಿಮದಿಂದ ಏರಿ ಬಂದು ಯಲ್ಲಮ್ಮನ ಗುಡ್ಡದ ಸುತ್ತಿನ ಬೋಳು ದಿಬ್ಬಗಳಿಗೆ ಬಡಿಯುವುದು ಇಲ್ಲಿಯವರಿಗೆ ಹೊಸದಲ್ಲ. ಹೊಸದಾಗಿ ಬಂದದ್ದು ಆ ದಿಬ್ಬಗಳ ಮೇಲಿನ ಗಾಳಿಯಂತ್ರಗಳು. ಜನ ಅವುಗಳನ್ನು ‘ಫ್ಯಾನು’ ಅನ್ನುತ್ತಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟಾಗುತ್ತದೆ; ಹಾಗಾಗಿ ಒಂದು ದಿಬ್ಬಕ್ಕೂ ಪಕ್ಕದ ತಗ್ಗಿಗೂ ಭೂಮಿ-ಆಕಾಶದ ವ್ಯತ್ಯಾಸ. ಎರಿ ಭೂಮಿಯಾಗಿ ಒಳ್ಳೆಯ ಹೆಸರಿದ್ದ ಹೊಲಕ್ಕೆ ಯಾರೂ ಬರಲಿಲ್ಲ. ಹುಲ್ಲೂ ನೆಟ್ಟಗೆ ಬೆಳೆಯದ ಕಲ್ಲುಗುಡ್ಡವನ್ನು ಹುಡುಕಿಕೊಂಡು ಬಂದರು.

ಬಂದದ್ದಾದರೂ ಏಕೆ? ಗಾಳಿ ಮೊದಲಿನಿಂದಲೂ ಇತ್ತಲ್ಲ. ಕಾರಣ ಒಂದು ಕಾಗದ. 2005ರ ಜನವರಿಯಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಒಂದು ಆದೇಶ ಹೊರಡಿಸಿತು: ಗಾಳಿಯಿಂದ ವಿದ್ಯುತ್ ಮಾಡಿ ಹೆಸ್ಕಾಂನಂಥ ಸರಬರಾಜು ಕಂಪನಿಗೆ ಕೊಟ್ಟರೆ ಯೂನಿಟ್ಟಿಗೆ 3 ರೂಪಾಯಿ 40 ಪೈಸೆ, ಹತ್ತು ವರ್ಷ ಅದೇ ದರ, ಏರಿಕೆ ಇಲ್ಲ, ಇಳಿಕೆಯೂ ಇಲ್ಲ. ಲೋಕದಲ್ಲಿ ಇದಕ್ಕೆ ಫೀಡ್-ಇನ್ ಟ್ಯಾರಿಫ್ ಎಂದು ಹೆಸರು. ನಾನು ನಿಗದಿತ ಖರೀದಿ ದರ ಅನ್ನುತ್ತೇನೆ. ಒಂದು ಮೆಗಾವಾಟಿನ ಯಂತ್ರ ವರ್ಷವಿಡೀ ತನ್ನ ಪೂರ್ಣ ಸಾಮರ್ಥ್ಯದ ಕಾಲು ಭಾಗದಷ್ಟು ದುಡಿಯಿತು ಅಂದುಕೊಳ್ಳಿ. ಸುಮಾರು 21 ಲಕ್ಷ 90 ಸಾವಿರ ಯೂನಿಟ್ ಆಗುತ್ತದೆ. 3.40ರಂತೆ 74 ಲಕ್ಷದ 46 ಸಾವಿರ ರೂಪಾಯಿ. ಈ ಮೊತ್ತ ಇಂತಿಷ್ಟು ವರ್ಷ ಬಂದೇ ಬರುತ್ತದೆ ಎಂಬ ಕರಾರು ಕೈಯಲ್ಲಿದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ. ಇಲ್ಲದಿದ್ದರೆ ಕೊಡುವುದಿಲ್ಲ. ಗಾಳಿಯಂತ್ರಕ್ಕೆ ಕಲ್ಲಿದ್ದಲಿನಂತೆ ತಿಂಗಳು ತಿಂಗಳೂ ಉರುವಲು ಬೇಡ; ಖರ್ಚೆಲ್ಲ ಮೊದಲ ದಿನವೇ ಆಗಿಹೋಗುತ್ತದೆ. ಹಾಗಾಗಿ ಅದರ ವಿದ್ಯುತ್ತಿನ ಬೆಲೆ ಎಂದರೆ ಹೆಚ್ಚುಕಡಿಮೆ ಸಾಲದ ಬಡ್ಡಿಯೇ. ಬಡ್ಡಿ ಇಳಿಸುವುದು ಗಾಳಿಯ ರಭಸವಲ್ಲ, ಕರಾರಿನ ಗಟ್ಟಿತನ.

ಆ ದರ ಮುಂದೆ ಏರಿತು, ಆಮೇಲೆ ಇಳಿಯಿತು. 2010ರಿಂದ 3.70, 2012ರಲ್ಲಿ 4.20, 2015ರಲ್ಲಿ 4.50, 2017ರ ಸೆಪ್ಟೆಂಬರಿನಲ್ಲಿ 3.74. ದರ ಹೀಗೆ ಬದಲಾಗುತ್ತಿದ್ದರೆ ‘ನಿಗದಿತ’ ಹೇಗೆ ಎಂದು ಕೇಳಬಹುದು. ಈ ಉಪನ್ಯಾಸಕ್ಕೆಂದು ಇಟ್ಟ ದತ್ತಿಯ ಹಣವನ್ನೇ ನೋಡಿ. ಹನ್ನೆರಡರ ಬಡ್ಡಿ ಇದ್ದ ಕಾಲಕ್ಕೆ ಠೇವಣಿ ಇಟ್ಟವರಿಗೆ ಅವಧಿ ಮುಗಿಯುವ ತನಕ ಹನ್ನೆರಡೇ ಸಿಕ್ಕಿತು. ನಂತರ ಇಟ್ಟವರಿಗೆ ಏಳು. ಹೊಸಬರಿಗೆ ದರ ಬದಲಾಗಬಹುದು, ಹಳೆಯ ಕರಾರಿಗೆ ಕೈ ಹಚ್ಚುವ ಹಾಗಿಲ್ಲ. ಈ ಒಂದು ನಿಯಮ ಮುರಿದರೆ ಇಡೀ ವ್ಯವಸ್ಥೆ ಮುರಿದಂತೆ.

ಈ ವಿಚಾರ ಹುಟ್ಟಿದ್ದು ನಮ್ಮಲ್ಲಲ್ಲ. ಅಮೆರಿಕದವರು 1978ರ ಕಾಯ್ದೆಯಲ್ಲಿ, ಸಣ್ಣ ಉತ್ಪಾದಕರಿಂದ ವಿದ್ಯುತ್ ಕೊಳ್ಳಲೇಬೇಕೆಂದು ದೊಡ್ಡ ಕಂಪನಿಗಳನ್ನು ಕಟ್ಟಿಹಾಕಿದರು. ಜರ್ಮನಿಯಲ್ಲಿ 1991ರಿಂದ ಗಾಳಿ ಮತ್ತು ಸೌರ ವಿದ್ಯುತ್ತಿಗೆ ಗ್ರಾಹಕರು ಕೊಡುವ ಸರಾಸರಿ ಬೆಲೆಯ ಶೇ. 90ರಷ್ಟನ್ನು ಕೊಡುವ ಕಾನೂನು ಬಂತು. ಗಾಳಿಗೆ ಅದು ಸಾಕಾಯಿತು, ಸೌರಕ್ಕೆ ಸಾಲಲಿಲ್ಲ. ಆಗ ಆಖೆನ್ ಎಂಬ ಊರಿನ ಜನ ಹಟ ಹಿಡಿದು, ಮಾಡುವ ಖರ್ಚು ಹೊರಡುವಷ್ಟು ದರವನ್ನು ತಮ್ಮ ನಗರದ ವಿದ್ಯುತ್ ಸಂಸ್ಥೆಯಿಂದ ಕೊಡಿಸಿದರು. ಊರ ಮಟ್ಟದ ಆ ಪ್ರಯೋಗವೇ 2000ದ ರಾಷ್ಟ್ರೀಯ ಕಾಯ್ದೆಗೆ ದಾರಿಯಾಯಿತು: ಇಪ್ಪತ್ತು ವರ್ಷಗಳ ಕರಾರು, ಜಾಲಕ್ಕೆ ಸೇರಿಸಿಕೊಳ್ಳುವ ಕಡ್ಡಾಯ, ಹೊಸ ಘಟಕಗಳಿಗೆ ವರ್ಷ ವರ್ಷ ಇಳಿಯುವ ದರ. ಅಲ್ಲಿ ರೈತರು, ಊರಿನ ಸಹಕಾರಿ ಸಂಘಗಳು ದೊಡ್ಡ ಪ್ರಮಾಣದಲ್ಲಿ ಉತ್ಪಾದಕರಾದರು. ಸ್ಪೇನ್ ಅದೇ ಮಂತ್ರ ಹಾಕಿತು, ಆದರೆ ಕೊಟ್ಟ ಮಾತನ್ನು 2010ರ ನಂತರ ಹಿಂದೆಗೆದುಕೊಂಡಿತು. ಅದರಿಂದ ಬಂದ ವ್ಯಾಜ್ಯಗಳು ಅಂತರರಾಷ್ಟ್ರೀಯ ನ್ಯಾಯಮಂಡಳಿಗಳ ತನಕ ಹೋದವು.

ನಮ್ಮ ದೇಶದಲ್ಲಿ ಕೇಂದ್ರದ ಅಸಾಂಪ್ರದಾಯಿಕ ಇಂಧನ ಸಚಿವಾಲಯ 1990ರ ದಶಕದ ನಡುವಿನಲ್ಲೇ ಯೂನಿಟ್ಟಿಗೆ 2 ರೂಪಾಯಿ 25 ಪೈಸೆ, ವರ್ಷಕ್ಕೆ ಶೇ. 5 ಏರಿಕೆ ಎಂದು ರಾಜ್ಯಗಳಿಗೆ ಸಲಹೆ ಮಾಡಿತ್ತು. 2003ರ ವಿದ್ಯುತ್ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ನವೀಕರಿಸಬಹುದಾದ ವಿದ್ಯುತ್ತನ್ನು ಉತ್ತೇಜಿಸುವುದು ಆಯೋಗದ ಕರ್ತವ್ಯ ಎಂದು ಅದರ 86ನೆಯ ಕಲಂ ಹೇಳುತ್ತದೆ. ಉಪಕಾರವಲ್ಲ, ಕರ್ತವ್ಯ.

ದರ ಬಂತು, ಯಂತ್ರವೂ ಬಂತು. ಆದರೆ ಅದರ ಒಡೆಯರು ಯಾರು? ಇಲ್ಲಿ ಇನ್ನೊಂದು ಕಾನೂನು ಬಾಗಿಲಲ್ಲೇ ನಿಂತಿತ್ತು. ಗಾಳಿಯಂತ್ರದ ಬೆಲೆಯ ಶೇ. 80ರಷ್ಟನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತು. ಇದರ ಲಾಭ ಯಾರಿಗೆ? ಮೊದಲೇ ದೊಡ್ಡ ಲಾಭವಿದ್ದು ದೊಡ್ಡ ತೆರಿಗೆ ಕಟ್ಟುವವರಿಗೆ. ಜೋಳ-ಹತ್ತಿ ಬೆಳೆಯುವವನಿಗೆ ಉಳಿಸಲು ತೆರಿಗೆಯೇ ಇಲ್ಲ. ಹಾಗಾಗಿ ಎಲ್ಲೆಲ್ಲಿಯದೋ ಗಿರಣಿ, ಕಾರ್ಖಾನೆಗಳ ದುಡ್ಡು ನಮ್ಮ ಗುಡ್ಡದ ಮೇಲೆ ಬಂದು ನಿಂತಿತು. ತೆರಿಗೆ ವಿನಾಯಿತಿ ಯಂತ್ರ ನಿಲ್ಲಿಸಿದ್ದಕ್ಕೆ ದುಡ್ಡು ಕೊಡುತ್ತದೆ. ಖರೀದಿ ದರ ಯಂತ್ರ ತಿರುಗಿದ್ದಕ್ಕೆ ಕೊಡುತ್ತದೆ. ನನಗೆ ಎರಡನೆಯದೇ ಮರ್ಯಾದೆಯ ದಾರಿಯಾಗಿ ಕಾಣುತ್ತದೆ. 2012ರಲ್ಲಿ ಆ ವಿನಾಯಿತಿಯನ್ನು ಕೆಲಕಾಲ ಇಳಿಸಿದಾಗ ದೇಶದಲ್ಲಿ ಗಾಳಿಯಂತ್ರ ಹಾಕುವ ಉತ್ಸಾಹವೂ ಇಳಿಯಿತು. ಎಷ್ಟು ಜನ ಗಾಳಿಗಾಗಿ ಬಂದಿದ್ದರು, ಎಷ್ಟು ಜನ ತೆರಿಗೆಗಾಗಿ ಬಂದಿದ್ದರು ಎಂಬುದು ಆಗ ಬಯಲಾಯಿತು. ನೆಲದವರಿಗೆ ದಕ್ಕಿದ್ದು ಜಾಗ ಮಾರಿದ ದುಡ್ಡು ಅಥವಾ ಲಾವಣಿ. ಯೂನಿಟ್ಟಿನ ಮೇಲೆ ಪಾಲು ಅಲ್ಲ.

ಈಗ ಇನ್ನೊಂದು ಸುತ್ತು ಬಂದಿದೆ. ನವಿಲುತೀರ್ಥದ ರೇಣುಕಾಸಾಗರದ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ದೊಡ್ಡ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಗ್ರೀನ್ಕೋ ಕಂಪನಿ ಸವದತ್ತಿಯಲ್ಲಿ ಹಿಡಿದಿದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯ ಕಾಲ ಮುಗಿದು, ಬಂದ ಗಾಳಿಯನ್ನು ನೀರಿನ ರೂಪದಲ್ಲಿ ಕೂಡಿಟ್ಟು ಬೆಲೆ ಬಂದಾಗ ಮಾರುವ ಕಾಲ ಇದು. ಮುಂಗಾರಿನಲ್ಲಿ ಗಾಳಿ ಜೋರು, ಆಗ ಪಂಪ್‌ಸೆಟ್ಟಿಗೆ ಕೆಲಸ ಕಡಿಮೆ. ಬೇಸಿಗೆಯಲ್ಲಿ ಪಂಪಿಗೆ ಕರೆಂಟು ಬೇಕು, ಆಗ ಗಾಳಿ ಸಪ್ಪೆ. ನೀರನ್ನು ಏರಿಸಿ ಇಳಿಸುವುದರಿಂದ ಹಗಲು-ರಾತ್ರಿಯ ಏರುಪೇರು ಸರಿಹೋದೀತು, ಋತುಗಳ ನಡುವಿನದು ಹೋಗುವುದಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಒಳ್ಳೆಯ ಯೋಜನೆಯೇ. ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಅದರ ವಹಿವಾಟಿನಲ್ಲಿ ಏನು ಪಾಲು ಎಂಬುದು ಬೇರೆ ಪ್ರಶ್ನೆ.

ಇನ್ನು ಕಬ್ಬು. ಈ ಸೀಮೆಯವರಿಗೆ ಬೆಲೆ ಗೊತ್ತುಪಡಿಸುವುದೆಂದರೆ ಏನು, ಗೊತ್ತುಪಡಿಸಿದ ಬೆಲೆ ಕೈಗೆ ಸೇರದಿದ್ದರೆ ಏನಾಗುತ್ತದೆ ಎಂದು ಕಬ್ಬೇ ಕಲಿಸಿದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆ, ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್‌ನ ಮೊದಲ ಕಾರ್ಖಾನೆ, ರಾಮದುರ್ಗದ ಖಾನಪೇಟೆಯ ಕಾರ್ಖಾನೆ, ಒಂದೊಂದರದೂ ಒಂದೊಂದು ಕಥೆ. ನುರಿದ ಮೇಲೆ ಉಳಿಯುವ ಸಿಪ್ಪೆಯನ್ನು ಸುಟ್ಟು, ಹಬೆಯಿಂದ ವಿದ್ಯುತ್ ತೆಗೆದು, ತಮಗೆ ಬೇಕಾದಷ್ಟು ಬಳಸಿ ಮಿಕ್ಕಿದ್ದನ್ನು ಮಾರುವುದು ಇಂದಿನ ಸಕ್ಕರೆ ಉದ್ಯಮದ ದೊಡ್ಡ ಆಧಾರ. 2005ರ ಆದೇಶದಲ್ಲಿ ಈ ಸಹವಿದ್ಯುತ್ತಿಗೂ ದರ ಇತ್ತು. ಆದರೆ ಎರಡು ಕಡೆಯಿಂದಲೂ ಕರಾರು ಸಡಿಲಾಯಿತು. ಸರಬರಾಜು ಕಂಪನಿಗಳು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡವು. ವಿದ್ಯುತ್ ಅಭಾವದ ವರ್ಷಗಳಲ್ಲಿ ಹೊರಗೆ ಹೆಚ್ಚಿನ ಬೆಲೆ ಕಂಡ ಕಾರ್ಖಾನೆಗಳು ಹೊರಗೆ ಮಾರಲು ಹಾತೊರೆದವು.

ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ಕೇಂದ್ರ ಗೊತ್ತುಮಾಡುವ ಬೆಲೆಯನ್ನು, ಪಕ್ಕದಲ್ಲಿಟ್ಟು ನೋಡಿದರೆ ಈ ನಿಗದಿತ ದರದ ಬಲ-ಬಲಹೀನತೆ ಎರಡೂ ಕಾಣುತ್ತವೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಎಂದು 1966ರ ಆದೇಶವೇ ಹೇಳುತ್ತದೆ. ಹೇಳುವುದಕ್ಕೇನು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳುತ್ತ ರಸ್ತೆಯಲ್ಲಿ ಕೂತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆ ಹೋರಾಟದ ಒಳಗೆ ಸಿಪ್ಪೆಯ ವಿದ್ಯುತ್ತಿನ ಪ್ರಶ್ನೆಯೂ ಇದೆ. ಸಕ್ಕರೆಯ ಜೊತೆಗೆ ಸಿಪ್ಪೆ, ಕಾಕಂಬಿ ಮೊದಲಾದ ಉಪ ಉತ್ಪನ್ನಗಳ ಆದಾಯವನ್ನೂ ಸೇರಿಸಿ ಶೇ. 70ನ್ನು ರೈತನಿಗೆ ಕೊಡಬೇಕೆಂದು 2012ರಲ್ಲೇ ರಂಗರಾಜನ್ ಸಮಿತಿ ಹೇಳಿತ್ತು. ಕಾಟಾದ ಮೇಲೆ ರೈತ ತೂಗುವುದು ಇಡೀ ಕಬ್ಬನ್ನು, ಸಕ್ಕರೆಯನ್ನಷ್ಟೇ ಅಲ್ಲ.

ಬಿಸಿಲಿನ ಕಥೆ ಇನ್ನೂ ಗೋಜಲು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2010ರಲ್ಲಿ ಆಯೋಗ ಸೌರ ವಿದ್ಯುತ್ತಿಗೆ ಇಟ್ಟ ದರ 14 ರೂಪಾಯಿ 50 ಪೈಸೆ. 2013ರಲ್ಲಿ 8.40. 2015ರಲ್ಲಿ 6.51. 2017ರಲ್ಲಿ 4.36. 2018ರಲ್ಲಿ 3.05. ಎಂಟೇ ವರ್ಷದಲ್ಲಿ ಐದನೆಯ ಒಂದು ಪಾಲಿಗೆ ಸಮೀಪ. ಜರ್ಮನಿ, ಜಪಾನುಗಳು ಹೆಚ್ಚಿನ ದರ ಕೊಟ್ಟು ಕೊಂಡದ್ದರಿಂದ, ಚೀನಾದವರು ಹಗಲಿರುಳು ಪ್ಯಾನೆಲ್ ಮಾಡಿದ್ದರಿಂದ ಬೆಲೆ ಹೀಗೆ ಕುಸಿಯಿತು. ದೂರದ ಗ್ರಾಹಕ ತನ್ನ ಬಿಲ್ಲಿನಲ್ಲಿ ಕಟ್ಟಿದ ಹಣದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಇದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

2014ರ ಸೌರ ನೀತಿಯಲ್ಲಿ ಕರ್ನಾಟಕ ಸರ್ಕಾರ ಒಂದು ಒಳ್ಳೆಯ ಯೋಜನೆ ತಂದಿತು. ಸ್ವಂತ ಜಮೀನಿರುವ ರೈತರೇ ಒಂದರಿಂದ ಮೂರು ಮೆಗಾವಾಟಿನ ಸೌರ ಘಟಕ ಹಾಕಬಹುದಿತ್ತು. ದರ ಯೂನಿಟ್ಟಿಗೆ 8.40, ಕರಾರು 25 ವರ್ಷಕ್ಕೆ. ಕಾಗದದ ಮೇಲೆ ಇಷ್ಟು ಚೆಂದದ ಯೋಜನೆ ದೇಶದಲ್ಲಿ ವಿರಳ. ಆದರೆ ಉತಾರದಲ್ಲಿ ಹೆಸರಿದ್ದರೆ ಸಾಲುತ್ತಿರಲಿಲ್ಲ, ಜಮೀನು ಎನ್‌ಎ (ಕೃಷಿಯೇತರ) ಆಗಬೇಕಿತ್ತು. ಎನ್‌ಎ ಮಾಡಿಸುವುದೆಂದರೆ ಏನೆಂದು ಈ ಸಭೆಗೆ ಹೇಳಬೇಕಿಲ್ಲ. ಅದು ಮುಗಿದ ಮೇಲೆ ಸಬ್‌ಸ್ಟೇಷನ್ನಿನವರೆಗೆ ತಂತಿ ಎಳೆಯಲು ಒಪ್ಪಿಗೆ, ಅಲ್ಲಿ ಆ ತಂತಿಯನ್ನು ಜೋಡಿಸುವ ಬೇ ಕಟ್ಟಲು ಒಪ್ಪಿಗೆ, ಪರೀಕ್ಷಿಸಿದವರ ಸಹಿ. ಕರಾರಿನಲ್ಲಿದ್ದ ಗಡುವು ದಾಟಿತು. ಗಡುವು ದಾಟಿದ್ದೇ ತಡ, ‘ನಿಮಗೆ ಹಳೆಯ ದರ ಇಲ್ಲ, ಘಟಕ ಶುರುವಾದ ದಿನದ ದರ’ ಎಂದಾಯಿತು. ಒಂದು ಮೆಗಾವಾಟ್ ಸೌರ ಘಟಕ ವರ್ಷಕ್ಕೆ ಹದಿನಾರೂವರೆ ಲಕ್ಷ ಯೂನಿಟ್ ಕೊಡುತ್ತದೆ ಅಂದುಕೊಂಡರೆ, 8.40ಕ್ಕೂ 6.51ಕ್ಕೂ ನಡುವಿನ ವ್ಯತ್ಯಾಸ ವರ್ಷಕ್ಕೆ 31 ಲಕ್ಷ ರೂಪಾಯಿ. ಸಾಲ ಮಾಡಿದ್ದು ಎಂಟೂವರೆ ರೂಪಾಯಿ ನಂಬಿ, ತೀರಿಸಬೇಕಾದದ್ದು ಆರೂವರೆಯಲ್ಲಿ.

ಇಂಥ ಒಂದು ಪ್ರಕರಣ, ಹಿರೇಹಳ್ಳಿ ಸೋಲಾರ್ ಎಂಬ ಘಟಕದ್ದು, ಬೆಸ್ಕಾಂ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಯೋಗ ದರ ಇಳಿಸಿತ್ತು. ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ 8.40ನ್ನು ಮರಳಿ ಕೊಟ್ಟಿತ್ತು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮಂಡಳಿಯ ಮಾತನ್ನು ಎತ್ತಿಹಿಡಿಯಿತು: ಸರ್ಕಾರಿ ಕಚೇರಿಗಳ ಒಪ್ಪಿಗೆ ತಡವಾದದ್ದಕ್ಕೆ ಉತ್ಪಾದಕನನ್ನು ಹೊಣೆ ಮಾಡಬಾರದು. ತೀರ್ಪು ಸರಿ. ಆದರೆ ಒಂದೆರಡು ಮೆಗಾವಾಟಿನ ರೈತ ತನ್ನ ಕರಾರಿನ ದರ ಪಡೆಯಲು ದೆಹಲಿಯ ಮೆಟ್ಟಿಲು ಹತ್ತಬೇಕು ಎಂದರೆ, ಆ ಕರಾರಿಗೆ ಬ್ಯಾಂಕು ಎಷ್ಟು ಬೆಲೆ ಕಟ್ಟೀತು? ಇಷ್ಟೆಲ್ಲ ತಾಳಿಕೊಳ್ಳಲು ರೈತನೊಬ್ಬನಿಂದ ಆಗದು. ಬಂಡವಾಳದ ಪಾಲುದಾರ ಬಂದ, ರೈತನ ಹೆಸರು ಹಿಂದಕ್ಕೆ ಸರಿಯಿತು. ಪಾವಗಡದ ದೊಡ್ಡ ಸೌರ ಪಾರ್ಕಿನಲ್ಲಂತೂ ಮೊದಲಿನಿಂದಲೇ ರೈತನ ಪಾತ್ರ ಬಾಡಿಗೆಗೆ ಸೀಮಿತ. 13 ಸಾವಿರ ಎಕರೆ, 2,050 ಮೆಗಾವಾಟ್, ಎಕರೆಗೆ ವರ್ಷಕ್ಕೆ ಮೊದಲಿಗೆ 21 ಸಾವಿರ ರೂಪಾಯಿ. ಮಳೆ ಕಾಣದ ನೆಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ಬಾಡಿಗೆ ಬಾಡಿಗೆಯೇ.

2017ರಿಂದ ಹರಾಜಿನ ಯುಗ. ಆ ವರ್ಷ ಕೇಂದ್ರ ಸಂಸ್ಥೆಯ ಮೊದಲ ಗಾಳಿ ಹರಾಜಿನಲ್ಲಿ 3.46 ರೂಪಾಯಿಗೆ ಕೂಗಿದರು. ರಾಜಸ್ಥಾನದ ಭಡ್ಲಾದಲ್ಲಿ ಸೌರ 2.44ಕ್ಕೆ ಇಳಿಯಿತು. ಇಷ್ಟು ಅಗ್ಗಕ್ಕೆ ಸಿಗುವಾಗ ನಿಗದಿತ ದರವೇಕೆ ಎಂದು ಆರ್ಥಿಕ ತಜ್ಞರು ಕೇಳುತ್ತಾರೆ. ನೂರಾರು ಮೆಗಾವಾಟಿನ ಘಟಕಗಳ ಮಟ್ಟಿಗೆ ನಾನು ಅವರ ಪಕ್ಷವೇ. ಸರ್ಕಾರ ಕೂತು ದರ ಊಹಿಸಿದರೆ ಒಂದೋ ಹೆಚ್ಚಾಗುತ್ತದೆ, ಇಲ್ಲ ತಡವಾಗುತ್ತದೆ, 14.50ರ ದರ ಐದು ವರ್ಷ ನಿಂತಿದ್ದರೆ ಅದರ ಹೊರೆ ನಮ್ಮ ಬಿಲ್ಲಿನ ಮೇಲೇ ಬೀಳುತ್ತಿತ್ತು. ಆದರೆ ಹರಾಜಿಗೆ ಕೂರಲು ಬ್ಯಾಂಕ್ ಗ್ಯಾರಂಟಿ ಬೇಕು, ವಕೀಲರು ಬೇಕು, ಸೋತರೂ ತಡೆದುಕೊಳ್ಳುವ ಶಕ್ತಿ ಬೇಕು. ಬೈಲಹೊಂಗಲದ ಎಪಿಎಂಸಿಯಲ್ಲಿ ಸವಾಲು ಕೂಗುವ ದಲಾಲರ ಮಟ್ಟದ ಧೈರ್ಯ ಇದಕ್ಕೆ ಸಾಲದು. ಎರಡು ಮೆಗಾವಾಟಿನ ಒಳಗಿನ, ಊರಿನವರದೇ ಆದ ಘಟಕಕ್ಕೆ ಹರಾಜು ಎಂದರೆ ಬಾಗಿಲು ಹಾಕಿದಂತೆ. ಅಲ್ಲಿ ನಿಗದಿತ ದರ ಬೇಕು.

ಹೊರೆಯ ಪ್ರಶ್ನೆಯನ್ನು ಹಾಗೆಯೇ ದಾಟಿ ಹೋಗಲಾರೆ. ಹೆಸ್ಕಾಂ ಮಾರುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ನೀರಾವರಿ ಪಂಪ್‌ಸೆಟ್ಟುಗಳದು, 10 ಎಚ್‌ಪಿವರೆಗೆ ಅದು ರೈತನಿಗೆ ಉಚಿತ. ಆ ಹಣ ಸರ್ಕಾರದಿಂದ ಸಹಾಯಧನವಾಗಿ ಬರಬೇಕು. 2023ರಿಂದ ಮನೆಗಳಿಗೆ ಗೃಹಜ್ಯೋತಿ ಯೋಜನೆಯ 200 ಉಚಿತ ಯೂನಿಟ್ಟೂ ಸೇರಿದೆ. ಬಿಲ್ಲೇ ಬಾರದ ಮನೆಯವನು ಮಾಳಿಗೆಯ ಮೇಲೆ ಸೋಲಾರ್ ಏಕೆ ಹಾಕಿಸುತ್ತಾನೆ? 2013ರಲ್ಲಿ ಮಾಳಿಗೆ ಸೌರದ ಹೆಚ್ಚುವರಿ ವಿದ್ಯುತ್ತಿಗೆ ಸಹಾಯಧನವಿಲ್ಲದೆ 9.56, ಸಹಾಯಧನ ಪಡೆದಿದ್ದರೆ 7.20 ಇತ್ತು, ಈಗಿನದು ಅದರ ಅರ್ಧಕ್ಕಿಂತ ಕೆಳಗೆ. ಕಂಪನಿಯ ಕೈ ಖಾಲಿ ಇದ್ದಾಗ ದುಬಾರಿ ಕರಾರು ಮಾಡಿಕೊಂಡರೆ ಬಾಕಿ ಬೆಳೆಯುತ್ತದೆ ಅಷ್ಟೆ. ಇದು ನಿಜ. ಆದರೆ ಉಚಿತ ಕರೆಂಟಿನ ಖರ್ಚನ್ನು ಕಡಿಮೆ ಮಾಡುವ ಒಂದು ದಾರಿಯೂ ಇಲ್ಲೇ ಇದೆ.

ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ ಆರು ಜನ ರೈತರು ಸೌರ ಪಂಪುಗಳನ್ನು ಹಾಕಿಕೊಂಡು ಸಹಕಾರಿ ಸಂಘ ಕಟ್ಟಿದರು. ನೀರು ಎತ್ತಿ ಮಿಕ್ಕ ವಿದ್ಯುತ್ತನ್ನು 2016ರಿಂದ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷದ ಕರಾರಿನ ಮೇಲೆ ಅಲ್ಲಿನ ಸರಬರಾಜು ಕಂಪನಿಗೆ ಮಾರತೊಡಗಿದರು. ಪಂಪು ನಿಲ್ಲಿಸಿದರೆ ದುಡ್ಡು ಬರುತ್ತದೆ ಎಂದಾದಾಗ ಅಂತರ್ಜಲಕ್ಕೂ ಒಂದು ಬೆಲೆ ಬಂದಂತಾಯಿತು. ಕನಕಪುರದ ಹಾರೋಬೆಲೆಯಲ್ಲಿ ನಮ್ಮ ರಾಜ್ಯದ ‘ಸೂರ್ಯರೈತ’ವೂ ಇದೇ ಆಲೋಚನೆಯದು, 310 ಪಂಪ್‌ಸೆಟ್ಟುಗಳಿಗೆ ಹೊರಟಿತು, ಆಮೇಲೆ ರಾಜ್ಯಕ್ಕೆ ಹಬ್ಬಲಿಲ್ಲ. ಬೋರುಗಳು ವರ್ಷ ವರ್ಷ ಆಳಕ್ಕಿಳಿಯುವ ರಾಮದುರ್ಗ, ಸವದತ್ತಿಯ ಒಣ ಪಟ್ಟಿಗೆ ಇದಕ್ಕಿಂತ ಹೊಂದುವ ವಿಚಾರ ನನಗೆ ತೋಚುವುದಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹೊಲದ ಫೀಡರುಗಳನ್ನು ಮನೆಯ ಫೀಡರುಗಳಿಂದ ಬೇರೆ ಮಾಡಿದ್ದರಿಂದ ತಾಂತ್ರಿಕವಾಗಿ ಅರ್ಧ ಕೆಲಸ ಆಗಿಯೇ ಇದೆ. ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಈಗ ಸಬ್‌ಸ್ಟೇಷನ್ ಪಕ್ಕದಲ್ಲಿ ಸೌರ ಘಟಕಗಳು ಬರುತ್ತಿವೆ. ಅವೂ ಟೆಂಡರಿನ ಮೂಲಕವೇ, ಕಂಪನಿಗಳ ಕೈಗೇ. ರೈತರು, ಸೊಸೈಟಿಗಳು, ಪಂಚಾಯಿತಿಗಳು ಎರಡು ಮೆಗಾವಾಟಿನವರೆಗೆ ಹಾಕಬಹುದಾದ ‘ಎ’ ಭಾಗಕ್ಕೆ ನಮ್ಮಲ್ಲಿ ಅಂಥ ಒತ್ತು ಸಿಗಲಿಲ್ಲ.

ಊರಿನವರು ಸೇರಿ ವಿದ್ಯುತ್ ವ್ಯವಹಾರ ಮಾಡಲಾಗುತ್ತದೆಯೇ ಎಂದು ಅನುಮಾನಿಸುವವರು ಹುಕ್ಕೇರಿಗೆ ಹೋಗಿ ಬರಲಿ. ನಮ್ಮದೇ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ಆ ತಾಲೂಕಿಗೆ ಕರೆಂಟು ಹಂಚುತ್ತಿದೆ. ದೇಶದಲ್ಲಿ ಹೀಗೆ ಉಳಿದಿರುವ ಸಂಘಗಳು ಬೆರಳೆಣಿಕೆಯವು. ಅದರ ಚುನಾವಣೆಯಲ್ಲಿ ಎಂಥ ಜಿದ್ದಾಜಿದ್ದಿ ನಡೆಯುತ್ತದೆ ಎಂಬುದನ್ನು 2025ರಲ್ಲಿ ಇಡೀ ಜಿಲ್ಲೆ ನೋಡಿದೆ. ರಾಜಕೀಯ ಇರಲಿ ಬಿಡಿ, ಹಾಲಿನ ಸಂಘದಲ್ಲೂ ಇದೆ. ಹಂಚುವ ಸಂಘ ಐವತ್ತು ವರ್ಷ ದಾಟಿ ಬಾಳಿದೆ ಎಂದ ಮೇಲೆ ಉತ್ಪಾದಿಸುವ ಸಂಘ ಏಕೆ ಬಾಳದು? ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮ ನೆರೆಯದು.

ದರ ಎಷ್ಟಿರಬೇಕು ಎಂಬ ಚರ್ಚೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ರೂಪಾಯಿ ಚಿಲ್ಲರೆಯ ಆಸುಪಾಸು ಇದ್ದು, ಸಣ್ಣ ಘಟಕಕ್ಕೆ ಬೀಳುವ ಹೆಚ್ಚಿನ ಖರ್ಚಿಗೆ ಇಷ್ಟು ಎಂದು ಸೇರಿಸಿದರೂ ನಡೆಯುತ್ತದೆ. ನಡೆಯದಿರುವುದು ಬಾಕಿ. ಉತ್ಪಾದಕರ ಬಾಕಿ ತಡವಾದರೆ ದಂಡದ ಬಡ್ಡಿ, ಇನ್ನೂ ತಡವಾದರೆ ಸರಬರಾಜು ಕಂಪನಿಗೇ ಕಡಿವಾಣ ಎಂದು ಕೇಂದ್ರದ 2022ರ ನಿಯಮಗಳು ಬಂದಿವೆ. ಅದರ ಬಲ ದೊಡ್ಡವರಿಗೆ ದಕ್ಕಿದಷ್ಟು ಸಣ್ಣವರಿಗೂ ದಕ್ಕಬೇಕಾದರೆ, ಪಂಪ್‌ಸೆಟ್ ಸಹಾಯಧನದ ಹಣದಲ್ಲೇ ಒಂದು ಪಾಲನ್ನು ಹಳ್ಳಿಯ ಘಟಕಗಳ ಬಿಲ್ಲಿಗೆಂದು ಬೇರೆ ಖಾತೆಯಲ್ಲಿ ಇಡಬೇಕು. ಹೇಗೂ ಅದೇ ಹೊಲಕ್ಕೆ ಹೋಗುವ ಕರೆಂಟು ಅದು. ಇನ್ನು ಗಡುವು: ಎನ್‌ಎ, ತಂತಿ, ಬೇ, ಯಾವ ಕಚೇರಿಯಿಂದ ತಡವಾಯಿತೋ ಅಷ್ಟು ದಿನ ಗಡುವು ತಾನಾಗಿ ಮುಂದೆ ಹೋಗುವಂತೆ ಕರಾರಿನಲ್ಲೇ ಬರೆಯಬೇಕು. ಹಿರೇಹಳ್ಳಿ ತೀರ್ಪನ್ನು ಪ್ರತಿಯೊಬ್ಬರೂ ಹೊಸದಾಗಿ ಗೆದ್ದು ತರಬೇಕಾಗಬಾರದು.

ಹೆಸ್ಕಾಂ ಕಾಲಕಾಲಕ್ಕೆ ದರ ಪರಿಷ್ಕರಣೆಗೆ ಆಯೋಗದ ಮುಂದೆ ಅರ್ಜಿ ಹಾಕುತ್ತದೆ. ಆಕ್ಷೇಪಣೆ ಕರೆಯುವ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಸಾರ್ವಜನಿಕ ಅಹವಾಲು ನಡೆಯುತ್ತದೆ. ಅಲ್ಲಿಗೆ ಕೈಗಾರಿಕಾ ಸಂಘದವರು ಕಡತ ಹಿಡಿದು ಹೋಗುತ್ತಾರೆ. ಆಕ್ಷೇಪಣೆ ಸಲ್ಲಿಸಲು ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಎರಡು ಮೆಗಾವಾಟಿನೊಳಗಿನ ರೈತರ, ಸೊಸೈಟಿಗಳ ಘಟಕಕ್ಕೆ ಪ್ರತ್ಯೇಕ ದರದ ಆದೇಶ ಹೊರಡಿಸಿ ಎಂದು ಕೇಳುವ ಒಂದು ಪುಟದ ಅರ್ಜಿ ಸಂಪಗಾಂವದಿಂದ, ಕಿತ್ತೂರಿನಿಂದ, ಯರಗಟ್ಟಿಯಿಂದ, ಕಟಕೋಳದಿಂದ ಒಂದೊಂದು ಹೋದರೆ, ಆಯೋಗ ತನ್ನ ಆದೇಶದಲ್ಲಿ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ.